ಕೊರೆಯದೆ ಉಳಿದ 15 ಲಕ್ಷ ಎಕರೆ

ಅಲಾಸ್ಕಾದ ಈಶಾನ್ಯ ತುದಿಯಲ್ಲಿ, ಬ್ರೂಕ್ಸ್ ಪರ್ವತಸಾಲಿಗೂ ಆರ್ಕ್ಟಿಕ್ ಸಾಗರಕ್ಕೂ ನಡುವೆ, ಸುಮಾರು 15 ಲಕ್ಷ ಎಕರೆಯ ಒಂದು ಕರಾವಳಿ ಬಯಲಿದೆ. ಅಲ್ಲಿ ತೈಲಬಾವಿ ತೋಡಬೇಕೇ ಬೇಡವೇ ಎಂಬ ವಾದಕ್ಕೆ ಅಮೆರಿಕದಲ್ಲಿ ನಾಲ್ಕು ದಶಕ ಮೀರಿದ ವಯಸ್ಸು. 1960ರಲ್ಲಿ ಐಸೆನ್‌ಹೋವರ್ ಆಡಳಿತ ಈ ಬಯಲೂ ಸೇರಿದಂತೆ 89 ಲಕ್ಷ ಎಕರೆಯನ್ನು ವನ್ಯಜೀವಿಗಳಿಗಾಗಿ ಕಾದಿರಿಸಿತು. ಎಂಟೇ ವರ್ಷದಲ್ಲಿ, ಇದರ ಪಶ್ಚಿಮಕ್ಕಿರುವ ಪ್ರೂಡೋ ಬೇಯಲ್ಲಿ ಉತ್ತರ ಅಮೆರಿಕದಲ್ಲೇ ಅತಿ ದೊಡ್ಡದೆನ್ನಿಸಿದ ತೈಲನಿಕ್ಷೇಪ ಸಿಕ್ಕಿತು. ಅಲ್ಲಿಂದ ದಕ್ಷಿಣದ ವಾಲ್ಡೀಸ್ ಬಂದರಿನವರೆಗೆ 800 ಮೈಲಿ ಉದ್ದದ ಕೊಳವೆಮಾರ್ಗ 1977ರಲ್ಲಿ ಕೆಲಸ ಶುರುಮಾಡಿತು. 1980ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಅಲಾಸ್ಕಾ ಭೂಕಾಯ್ದೆ ಈ ವನ್ಯಜೀವಿ ನೆಲೆಯನ್ನು 1.9 ಕೋಟಿ ಎಕರೆಗೆ ಹಿಗ್ಗಿಸಿತಾದರೂ ಕರಾವಳಿ ಬಯಲಿನ ವಿಚಾರದಲ್ಲಿ ಕೈ ತೊಳೆದುಕೊಂಡಿತು: 1002ನೇ ಕಲಮಿನಂತೆ ಅಲ್ಲಿ ಅಧ್ಯಯನ ನಡೆಯಲಿ, ಕಾಂಗ್ರೆಸ್ ಒಪ್ಪುವವರೆಗೆ ಗುತ್ತಿಗೆ ಬೇಡ. ಪರಿಸರವಾದಿಗಳಿಗೂ ತೈಲ ಕಂಪನಿಗಳಿಗೂ ಇದು ಅರೆಮನಸ್ಸಿನ ರಾಜಿಯಾಗಿ ಕಂಡಿತು. ಹಿಂದಿರುಗಿ ನೋಡಿದರೆ, ಇಡೀ ವಿವಾದದಲ್ಲಿ ಅತ್ಯಂತ ಫಲ ಕೊಟ್ಟದ್ದು ಈ ಮುಂದೂಡಿಕೆಯೇ ಎಂಬುದು ನನ್ನ ವಾದ.

ಕಾರಣ, ಬಾವಿ ತೋಡಲು ಕೊಟ್ಟ ಸಮರ್ಥನೆಗಳು ಒಂದಾದ ಮೇಲೊಂದು ಕಾಲದ ಪರೀಕ್ಷೆಯಲ್ಲಿ ಸೋತವು. ರೇಗನ್ ಆಡಳಿತದ ಒಳಾಡಳಿತ ಇಲಾಖೆ 1987ರಲ್ಲಿ ಬಯಲನ್ನು ತೆರೆಯಲು ಶಿಫಾರಸು ಮಾಡಿದಾಗ ಮುಂದಿಟ್ಟದ್ದು ಇಂಧನ ಭದ್ರತೆಯ ಮಾತು. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾತೈಲ ಸಮುದ್ರಕ್ಕೆ ಚೆಲ್ಲಿದ ಮೇಲೆ ಆ ಮಾತಿನ ಕಾವು ಆರಿತು. ಕೊಲ್ಲಿ ಯುದ್ಧದ ನೆಪದಲ್ಲಿ 1991ರಲ್ಲಿ ಮತ್ತೆ ಎತ್ತಿದ ಮಸೂದೆಯೂ ಸೆನೆಟ್‌ನಲ್ಲಿ ಬಿದ್ದುಹೋಯಿತು. 1995ರಲ್ಲಿ ಬಜೆಟ್ ಕೊರತೆ ತುಂಬುವ ಹೆಸರಿನಲ್ಲಿ ಬಂದದ್ದನ್ನು ಕ್ಲಿಂಟನ್ ವೀಟೊ ಮಾಡಿದರು. 2005ರಲ್ಲಿ ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಬಾವಿ ತೋಡುವ ಅನುಮತಿಯನ್ನು ರಕ್ಷಣಾ ವೆಚ್ಚದ ಮಸೂದೆಗೇ ಅಂಟಿಸಿದರು. ಚರ್ಚೆ ಮುಗಿಸಿ ಮತಕ್ಕೆ ಹಾಕಲು ಬೇಕಿದ್ದದ್ದು 60 ಮತ, ಸಿಕ್ಕಿದ್ದು 56. ಬಯಲೂ ಬದಲಾಗಲಿಲ್ಲ, ಅದರಡಿಯ ತೈಲವೂ ಬದಲಾಗಲಿಲ್ಲ. ಪ್ರತಿಸಲ ಬೇರೆಯಾಗಿದ್ದದ್ದು ಕಾರಣ ಮಾತ್ರ.

ಹೊರತೆಗೆಯಬಹುದಾದ ತೈಲ ಎಷ್ಟಿದೆ ಎಂಬ ಪ್ರಶ್ನೆಗೆ 1998ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಕೊಟ್ಟ ಸರಾಸರಿ ಅಂದಾಜು ಸುಮಾರು 1,040 ಕೋಟಿ ಬ್ಯಾರಲ್. ಸಣ್ಣ ಸಂಖ್ಯೆಯೇನಲ್ಲ. ಆದರೆ ಅದರೊಳಗಿನ ಅನಿಶ್ಚಿತತೆಯೂ ಸಣ್ಣದಲ್ಲ: ಕೆಳಮಿತಿ 570 ಕೋಟಿ, ಮೇಲ್ಮಿತಿ 1,600 ಕೋಟಿ. ಅಲ್ಲಿ ತೋಡಿದ ಒಂದೇ ಒಂದು ಪರೀಕ್ಷಾ ಬಾವಿ 1980ರ ದಶಕದ ನಡುವಿನದು. ಅದರ ಫಲಿತಾಂಶವನ್ನು ಕಂಪನಿಗಳು ದಶಕಗಟ್ಟಲೆ ಗುಟ್ಟಾಗಿಟ್ಟವು. ಈ ನಡುವೆ ಟೆಕ್ಸಸ್ ಮತ್ತು ನಾರ್ತ್ ಡಕೋಟಾದ ಶೇಲ್ ಬಂಡೆಗಳಿಂದ ಅಮೆರಿಕದ ಉತ್ಪಾದನೆ 2005ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರಲ್ ಇದ್ದದ್ದು 2023ರ ಹೊತ್ತಿಗೆ 1.3 ಕೋಟಿಯ ಹತ್ತಿರ ಮುಟ್ಟಿತು. ಈ ಬಯಲಿನಿಂದ ಅದಕ್ಕೆ ಒಂದು ಹನಿಯೂ ಸೇರಿರಲಿಲ್ಲ. ಭದ್ರತೆಯ ವಾದವನ್ನು ಮುರಿದದ್ದು ಪರಿಸರವಾದಿಗಳಲ್ಲ, ತೈಲೋದ್ಯಮವೇ. ಉಳಿದದ್ದು ಆದಾಯದ ವಾದ. 2017ರ ತೆರಿಗೆ ಕಾಯ್ದೆ ಈ ಬಯಲಿನ ತೈಲಗುತ್ತಿಗೆಯ ಎರಡು ಹರಾಜುಗಳನ್ನು ಕಡ್ಡಾಯ ಮಾಡಿದಾಗ ಕೇಂದ್ರದ ಬೊಕ್ಕಸಕ್ಕೆ ಹತ್ತು ವರ್ಷಗಳಲ್ಲಿ 100 ಕೋಟಿ ಡಾಲರ್‌ಗೂ ಮಿಕ್ಕಿ ಬರುತ್ತದೆಂದು ಲೆಕ್ಕ ಹಾಕಿದ್ದರು. 2021ರ ಜನವರಿಯ ಮೊದಲ ಹರಾಜಿನಲ್ಲಿ ಎದ್ದ ಮೊತ್ತ 1.44 ಕೋಟಿ ಡಾಲರ್. ಬಹುಪಾಲು ಗುತ್ತಿಗೆ ಹಿಡಿದದ್ದು ಅಲಾಸ್ಕಾ ರಾಜ್ಯದ್ದೇ ಒಂದು ನಿಗಮ. 2025ರ ಜನವರಿಯ ಎರಡನೇ ಹರಾಜಿಗೆ ಒಂದೂ ಬಿಡ್ ಬರಲಿಲ್ಲ. ಬೈಡನ್ ಸರ್ಕಾರ ಕಾನೂನು ಹೇಳಿದ ಕನಿಷ್ಠ ವಿಸ್ತೀರ್ಣವನ್ನಷ್ಟೇ, ಅದೂ ಬಿಗಿ ಷರತ್ತುಗಳೊಡನೆ ಹರಾಜಿಗಿಟ್ಟಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2021ರ ಹರಾಜು ನಡೆಸಿದ್ದು ಟ್ರಂಪ್ ಸರ್ಕಾರ. ಆಗಲೂ ದೊಡ್ಡ ಕಂಪನಿಗಳು ಇತ್ತ ತಲೆ ಹಾಕಿರಲಿಲ್ಲ.

ವನ್ಯಜೀವಿಗಳ ವಿಚಾರದಲ್ಲಿ ತೈಲಪರರ ಬಳಿ ಒಂದು ಗಟ್ಟಿ ಪುರಾವೆಯಿದೆ. ಪ್ರೂಡೋ ಬೇ ಸುತ್ತಲಿನ ಕ್ಯಾರಿಬೂ ಹಿಂಡು 1970ರ ದಶಕದಲ್ಲಿ ಸುಮಾರು 5,000 ಇದ್ದದ್ದು 2010ರ ಹೊತ್ತಿಗೆ 70,000ದ ಹತ್ತಿರ ಬಂದಿತ್ತು. ಮುಂದಿನ ಆರೇ ವರ್ಷದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಕುಸಿಯಿತೆಂಬುದನ್ನು ಅವರು ಹೇಳುವುದಿಲ್ಲ. ಏರಿಕೆಯನ್ನಾಗಲಿ ಇಳಿಕೆಯನ್ನಾಗಲಿ ಬಾವಿಗಳ ಲೆಕ್ಕಕ್ಕೆ ಬರೆಯುವುದು ತಪ್ಪು. ಸಂಖ್ಯೆಗಿಂತ ಹೆಚ್ಚು ಹೇಳುವುದು ನಡವಳಿಕೆ: ಎಳೆಗರುಗಳಿರುವ ತಾಯಿ ಕ್ಯಾರಿಬೂಗಳು ರಸ್ತೆ ಮತ್ತು ಕೊಳವೆಗಳಿಂದ ಹಲವು ಕಿಲೋಮೀಟರ್ ದೂರ ಸರಿಯುತ್ತವೆ. ಪ್ರೂಡೋದಲ್ಲಿ ಬಯಲು ಅಗಲವಾಗಿರುವುದರಿಂದ ಸರಿಯಲು ಜಾಗವಿತ್ತು. ಪೂರ್ವದ ಈ ಬಯಲಿನಲ್ಲಿ ಬೆಟ್ಟ ಕಡಲಿಗೆ ಹತ್ತಿರ ಬಂದಿದೆ. ಇಲ್ಲಿ ಕರು ಹಾಕುವ ಪೊರ್ಕ್ಯುಪೈನ್ ಹಿಂಡು ಹಿಂದೆ ಸರಿದರೆ ಮೇವು ಕಡಿಮೆ, ತೋಳ ಕರಡಿ ಹೆಚ್ಚು ಇರುವ ತಪ್ಪಲಿಗೇ ಹೋಗಬೇಕು. ಕಟ್ಟಡ ಮತ್ತು ಬಾವಿಗಳಿಗೆ ಹಿಡಿಯುವುದು 2,000 ಎಕರೆ ಮಾತ್ರ ಎಂಬ 2017ರ ಕಾಯ್ದೆಯ ಭರವಸೆಗೂ ಇದೇ ಉತ್ತರ. ಅಷ್ಟು ಎಕರೆ ಒಂದೆಡೆ ಇರುವುದಿಲ್ಲ, ನಡುನಡುವೆ ರಸ್ತೆ ಕೊಳವೆಗಳ ಎಳೆಯಿಂದ ಹರಡಿಕೊಂಡಿರುತ್ತದೆ.

ಮುಂದೂಡಿಕೆಯ ಬಗ್ಗೆ ಎಲ್ಲಕ್ಕಿಂತ ತೂಕದ ಆಕ್ಷೇಪ ಬರುವುದು ಬಯಲಿನ ಒಳಗಿಂದಲೇ. ಅಲ್ಲಿರುವ ಒಂದೇ ಊರು ಕಾಕ್ಟೊವಿಕ್. ಅಲ್ಲಿನ ಇನ್ಯೂಪಿಯಾಟ್ ಜನರಲ್ಲಿ ಹಲವರಿಗೆ ತೈಲ ಬೇಕು; ಉತ್ತರ ಅಲಾಸ್ಕಾದ ಶಾಲೆ, ಆಸ್ಪತ್ರೆ, ನೀರಿನ ವ್ಯವಸ್ಥೆಗಳು ಬಂದದ್ದು ತೈಲದ ತೆರಿಗೆಯಿಂದ. ಬೆಟ್ಟದಾಚೆಯ ಗ್ವಿಚಿನ್ ಜನರಿಗೆ ಪೊರ್ಕ್ಯುಪೈನ್ ಹಿಂಡೇ ಆಹಾರ, ಅದು ಕರು ಹಾಕುವ ನೆಲ ಪವಿತ್ರ. 1988ರಿಂದ ಅವರು ಒಗ್ಗಟ್ಟಾಗಿ ವಿರೋಧಿಸಿದ್ದಾರೆ. ಮೂಲನಿವಾಸಿಗಳು ಒಂದೇ ದನಿಯಲ್ಲಿ ಮಾತಾಡುತ್ತಾರೆಂದು ಎರಡೂ ಪಾಳಯ ನಟಿಸಿವೆ. ಮುಂದೂಡಿಕೆಯ ಬೆಲೆ ತೆತ್ತವರಲ್ಲಿ ಕಾಕ್ಟೊವಿಕ್‌ನವರೂ ಇದ್ದಾರೆ, ಅವರಿಗೆ ಬದಲಿ ಆದಾಯದ ದಾರಿಯನ್ನು ಸಂರಕ್ಷಣಾ ಸಂಘಟನೆಗಳು ಗಂಭೀರವಾಗಿ ಹುಡುಕಲಿಲ್ಲ. ಇದು ಆ ಚಳವಳಿಯ ನಿಜವಾದ ಲೋಪ. ಹಾಗಿದ್ದೂ ಎರಡು ನಷ್ಟಗಳನ್ನು ಸಮವೆನ್ನಲಾಗದು: ತಪ್ಪಿದ ಆದಾಯವನ್ನು ಬೇರೆ ಮೂಲದಿಂದ ತುಂಬಬಹುದು, ಆದರೆ 1984-85ರ ಚಳಿಗಾಲಗಳಲ್ಲಿ ಭೂಕಂಪನ ಸಮೀಕ್ಷೆಯ ವಾಹನಗಳು ಹಾದ ಜಾಡುಗಳಲ್ಲಿ ಕೆಲವು, ದಶಕಗಳ ನಂತರವೂ ಟಂಡ್ರಾದ ಮೇಲೆ ಅಳಿದಿರಲಿಲ್ಲ.

ಮುಂದೂಡಿಕೆಯ ಕೊರತೆ ಏನೆಂದರೆ, ಅದನ್ನು ಕಿತ್ತುಹಾಕುವುದು ಸುಲಭ. 2005ರಲ್ಲಿ 56 ಮತ ಸಾಲಲಿಲ್ಲ. 2017ರಲ್ಲಿ, ಸರಳ ಬಹುಮತವೇ ಸಾಕಾಗುವ ಬಜೆಟ್ ವಿಧಾನದ ಅಡಿ, 51 ಮತ ಸಾಕಾಯಿತು. ಅದೇ ವಿಧಾನದಲ್ಲಿ 2025ರ ಜುಲೈನಲ್ಲಿ ಬಂದ ಕಾಯ್ದೆ ಹತ್ತು ವರ್ಷದೊಳಗೆ ಇನ್ನೂ ನಾಲ್ಕು ಹರಾಜು ನಡೆಸಬೇಕೆಂದಿದೆ. ಬಯಲಿಗೆ ಶಾಶ್ವತ ವನ್ಯಭೂಮಿಯ ಶಾಸನಬದ್ಧ ಸ್ಥಾನ ಕೊಡಿ ಎಂದು ಒಬಾಮ 2015ರಲ್ಲಿ ಕೇಳಿದ್ದರು. ಕಾಂಗ್ರೆಸ್ ಆ ಶಿಫಾರಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.