ಕೋವಿ ಹಿಡಿದ ಒಕ್ಕಲು: ಸುರಪುರ ಸೀಮೆಯ ಬೇಡರ ಹಳ್ಳಿಗಳು

ದಿಲ್ಲಿ, ಆಗ್ರಾ ಸುತ್ತಣ ಜಾಟರ ಹೆಸರು ಚರಿತ್ರೆಯ ಪುಸ್ತಕ ಓದಿದವರಿಗೆಲ್ಲ ಪರಿಚಿತ. ನೇಗಿಲು ಹಿಡಿದ ಕೈಯಲ್ಲೇ ಬಂದೂಕು ಹಿಡಿದು, ಮಣ್ಣಿನ ಕೋಟೆ ಕಟ್ಟಿಕೊಂಡು, ಮೊಗಲರ ಅಧಿಕಾರಿಗಳಿಗೆ ತಲೆಬಾಗದೆ ಉಳಿದ ಒಕ್ಕಲು ಜನ ಅವರು. 1669ರಲ್ಲಿ ಮಥುರೆಯ ಬಳಿ ಗೋಕುಲನ ಮುಂದಾಳುತನದಲ್ಲಿ ಅವರೆದ್ದ ದಂಗೆ ಔರಂಗಜೇಬನ ಆಳ್ವಿಕೆಯ ಮೊದಮೊದಲ ದೊಡ್ಡ ತಲೆನೋವು. ಅದಾಗಿ ಮೂವತ್ತಾರು ವರ್ಷಗಳ ಮೇಲೆ, ಅದೇ ಔರಂಗಜೇಬ ತಾನೇ ಮುಂದೆ ನಿಂತು ಹಾಕಿದ ಕಡೆಯ ಮುತ್ತಿಗೆಯೂ ಇಂಥದೇ ಒಕ್ಕಲು ಜನರ ಮೇಲೆ. ಆ ಜನ ಕನ್ನಡನಾಡಿನ ಬೇಡರು. ಸ್ಥಳ, ಇಂದಿನ ಯಾದಗಿರಿ ಜಿಲ್ಲೆಯ ಸುರಪುರದ ಸಮೀಪದ ವಾಗಣಗೇರಾ.

ಕೃಷ್ಣೆ ಮತ್ತು ಭೀಮೆಯರ ನಡುವೆ ಸಿಕ್ಕಿಕೊಂಡ ಸೀಮೆ ಇದು. ಶಹಾಪುರ, ಸುರಪುರಗಳ ಬಳಿ ಬಂಡೆಗಲ್ಲಿನ ಗುಡ್ಡಗಳು. ಅವುಗಳ ಬುಡದಿಂದಾಚೆ ಕಣ್ಣು ಹಾಯುವಷ್ಟೂ ಎರೆಹೊಲ, ಅಲ್ಲಲ್ಲಿ ಮಸಾರಿ. ಮಳೆ ನಂಬುವಂಥದ್ದಲ್ಲ. ಆದರೆ ಹಿಂಗಾರಿಯಲ್ಲಿ ಒಮ್ಮೆ ಹಸಿ ಸಿಕ್ಕಿತೆಂದರೆ ಎರೆಭೂಮಿ ಅದನ್ನು ಹಿಡಿದಿಟ್ಟುಕೊಂಡು ಬಿಳಿಜೋಳವನ್ನು ತೆನೆಯವರೆಗೆ ತರುತ್ತದೆ. ಜೋಳ, ಸಜ್ಜೆ, ತೊಗರಿ, ಕುಸುಬೆ ಇಲ್ಲಿನ ಹಳೆಯ ಬೆಳೆಗಳು. ಕಾಳನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ಒಂದು ಬರಗಾಲ ದಾಟಬಹುದಿತ್ತು. ದಂಡು ಬಂದಾಗ ಬಚ್ಚಿಡಲೂ ಅದೇ ಜಾಗ.

ಈ ಸೀಮೆಯ ಹಳ್ಳಿಗೆ ಒಂದು ವಿಶೇಷವಿದೆ. ಬಯಲುಸೀಮೆಯ ಊರುಗಳಲ್ಲಿ ಸಾಮಾನ್ಯವಾಗಿ ಮನೆಗಳೆಲ್ಲ ಒಂದೆಡೆ ಒತ್ತಾಗಿದ್ದು ಹೊಲಗಳು ಸುತ್ತ ಇರುತ್ತವೆ. ಸುರಪುರ ತಾಲ್ಲೂಕಿನ ಕಕ್ಕೇರಾ ಮುಂತಾದ ಕಡೆಗಳಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಮನೆತನ ತನ್ನ ಹೊಲದಲ್ಲೇ ದನಕರುಗಳೊಂದಿಗೆ ನೆಲೆಸುತ್ತದೆ. ಈ ನೆಲೆಗೆ ದೊಡ್ಡಿ ಎಂದೇ ಹೆಸರು. ಅಣ್ಣತಮ್ಮಂದಿರು ಬೇರೆಯಾದಂತೆ ದೊಡ್ಡಿಗಳೂ ಬೆಳೆಯುತ್ತವೆ. ದನ ಕೂಡುವ ಜಾಗದ ಹೆಸರೇ ಮನುಷ್ಯರ ವಸತಿಗೂ ಬಂದದ್ದು ಆಕಸ್ಮಿಕವಲ್ಲ. ಇದೇ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1989ರಿಂದ ನಡೆಸಿದ ಉತ್ಖನನದಲ್ಲಿ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಕೂಡುತ್ತಿದ್ದ ಜಾಗವೂ ಅದರ ಮಗ್ಗುಲಿಗೇ ಜನ ವಾಸಿಸಿದ್ದ ನೆಲೆಯೂ ಸಿಕ್ಕವು. ಅಂದಿನವರಿಗೂ ಇಂದಿನವರಿಗೂ ರಕ್ತಸಂಬಂಧ ಕಟ್ಟಲು ಇದರಿಂದ ಸಾಧ್ಯವಿಲ್ಲ, ನಿಜ. ಆದರೆ ಈ ನೆಲದಲ್ಲಿ ಬಾಳಬೇಕೆಂದರೆ ದನವನ್ನು ಬಿಟ್ಟು ಬಾಳಲಾಗದು ಎಂಬುದು ಎರಡು ಕಾಲದವರಿಗೂ ಗೊತ್ತಿತ್ತು.

ಹೀಗೆ ಚದುರಿಕೊಂಡಿದ್ದ ಜನರೇ ಒಂದು ರಾಜ್ಯದ ಸೈನ್ಯವಾಗಿದ್ದರು ಎಂಬುದು ಸುರಪುರದ ಚರಿತ್ರೆಯ ತಿರುಳು. ಬೇಟೆಯಿಂದ ಬಂದ ಗುರಿಕಾರಿಕೆ ಬೇಡರನ್ನು ದೊರೆಗಳ ಕಾಲಾಳು ಪಡೆಗೆ ತಂದಿತು. ಕೋವಿ ಬಂದ ಮೇಲೆ ಆ ಗುರಿಗೆ ಇನ್ನಷ್ಟು ಬೆಲೆ ಬಂತು. ನಾಯಕನು ಅವರಿಗೆ ಸಂಬಳ ಎಣಿಸಿಕೊಡುತ್ತಿರಲಿಲ್ಲ, ಹೊಲ ಕೊಡುತ್ತಿದ್ದ. ಕಹಳೆ ಕೂಗಿದಾಗ ಬರಬೇಕು, ಉಳಿದ ದಿನ ಕೂರಿಗೆ, ಕುಂಟಿ ಹೊಡೆದುಕೊಂಡಿರಬೇಕು. ಈ ಹೊಲ ತಂದೆಯಿಂದ ಮಗನಿಗೆ ಬರುತ್ತಿತ್ತು, ಅದರ ಜೊತೆಗೇ ಕೋವಿಯ ಋಣವೂ ಬರುತ್ತಿತ್ತು.

ಸುರಪುರದ ಗೋಸಲ ಮನೆತನದ ನಾಯಕರು ಮೊದಲು ಬಿಜಾಪುರದ ಆದಿಲಶಾಹಿಗಳ ಅಧೀನದಲ್ಲಿದ್ದವರು. ಆಗ ಅವರ ಮುಖ್ಯ ಠಾಣ್ಯ ಇಂದಿನ ಶಹಾಪುರ ತಾಲ್ಲೂಕಿನ ಸಗರ. 1686ರಲ್ಲಿ ಬಿಜಾಪುರ ಬಿತ್ತು. ಮರುವರ್ಷವೇ ಮೊಗಲರ ದಂಡು ಸಗರಕ್ಕೆ ಬಂತು. ಪಾಮ ನಾಯಕ ಶರಣಾದ, ಸ್ವಲ್ಪದರಲ್ಲೇ ತೀರಿಕೊಂಡ. ಅವನ ಉತ್ತರಾಧಿಕಾರಿ ಪಿಡ್ಡ ನಾಯಕ ಕೆಲಕಾಲ ಮೊಗಲರ ಸೇವೆಯಲ್ಲಿದ್ದಂತೆ ಮಾಡಿ, ವಾಗಣಗೇರಾದ ಗುಡ್ಡವನ್ನು ಸದ್ದಿಲ್ಲದೆ ಭದ್ರಪಡಿಸಿದ.

1705ರ ಫೆಬ್ರವರಿಯಲ್ಲಿ ಔರಂಗಜೇಬ ಆ ಗುಡ್ಡದ ಕೆಳಗೆ ಬಂದು ಬಿಡಾರ ಹೂಡಿದಾಗ ಅವನಿಗೆ 86 ವರ್ಷ. ಬಾದಶಹನ ಘನತೆಗೆ ಹೋಲಿಸಿದರೆ ಕೋಟೆ ಬಲು ಚಿಕ್ಕದು. ಆದರೂ ಅದು ಮೂರು ತಿಂಗಳ ಹತ್ತಿರ ಹಿಡಿಯಿತು. ಮೊಗಲರು ಗೆದ್ದ ಗುಡ್ಡವನ್ನು ಬೇಡರ ಕೋವಿಕಾರರು ಮತ್ತೆ ಕಿತ್ತುಕೊಂಡರು. ಕುಟುಂಬಗಳನ್ನು ಈ ಕೋಟೆಯಲ್ಲಿ ಆಶ್ರಯಕ್ಕೆ ಇರಿಸಿದ್ದ ಮರಾಠಾ ಸರದಾರರು, ಅವರಲ್ಲಿ ಧನಾಜಿ ಜಾಧವನೂ ಒಬ್ಬ, ನೆರವಿಗೆ ಬಂದರು. ನಡುವೆ ಪಿಡ್ಡ ನಾಯಕ ಸಂಧಾನದ ಮಾತೆತ್ತಿ ಕಾಲ ತಳ್ಳಿದ. ಕೊನೆಗೆ ಜುಲ್ಫಿಕಾರ್ ಖಾನ್ ಬಂದು ಬಾವಿಗಳನ್ನು ವಶಪಡಿಸಿಕೊಂಡು ಕೆಳಗಿನ ತಳವಾರಗೇರಾದ ಮೇಲೆ ಬಿದ್ದ. ಅಷ್ಟರಲ್ಲಿ ಏಪ್ರಿಲ್ ಕೊನೆಯ ಒಂದು ರಾತ್ರಿ ನಾಯಕ ತನ್ನವರೊಂದಿಗೆ ಕೋಟೆ ಬಿಟ್ಟು ಹೋಗಿದ್ದ. ಮೊಗಲರಿಗೆ ಸಿಕ್ಕಿದ್ದು ಬರಿದಾದ ಕೋಟೆ.

ಬಾದಶಹ ಸಮೀಪದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟ, ಅಲ್ಲೇ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ಸತ್ತ. ಪಿಡ್ಡ ನಾಯಕನ ವಂಶದವರು ಸುರಪುರದಿಂದ ಇನ್ನೂ ನೂರೈವತ್ತು ವರ್ಷ ಆಳಿದರು. ಅವನ ಬಲ ಕೋಟೆಯಲ್ಲಿ ಇರಲಿಲ್ಲ, ದೊಡ್ಡಿಗಳಲ್ಲಿತ್ತು. ದೊಡ್ಡಿಗಳಿಗೆ ಮುತ್ತಿಗೆ ಹಾಕಲು ಯಾವ ಸೇನಾಪತಿಗೂ ಆಗದು.

ಆದರೆ ಈ ಏರ್ಪಾಡಿನಲ್ಲೇ ಒಂದು ಕೊರತೆಯೂ ಅಡಗಿತ್ತು. ಹೊಲ ಕೊಟ್ಟು ಸೈನ್ಯ ಸಾಕುವ ದೊರೆಗೆ ಆಳುಗಳಿಗೆ ಬರವಿಲ್ಲ, ರೊಕ್ಕಕ್ಕೆ ಬರ. ಹೈದರಾಬಾದಿನ ನಿಜಾಮರು ಕೇಳಿದ್ದು ರೊಕ್ಕವನ್ನೇ: ವರ್ಷದ ಕಪ್ಪ, ಹೊಸ ದೊರೆ ಪಟ್ಟಕ್ಕೇರಿದಾಗ ನಜರಾಣೆ. ಬಾಕಿ ಬೆಳೆಯಿತು, ಸಾಹುಕಾರರ ಬಡ್ಡಿ ಅದರ ಮೇಲೆ ಕೂತಿತು. ಈ ಬಾಕಿಯ ಬೆನ್ನು ಹತ್ತಿಯೇ ಬ್ರಿಟಿಷರು ಸುರಪುರದ ಒಳಗೆ ಕಾಲಿಟ್ಟರು. ಬೇಡರ ಪಡೆಯನ್ನು ಯುದ್ಧದಲ್ಲಿ ಮುರಿಯುವುದಕ್ಕೆ ಮೊದಲೇ ಲೆಕ್ಕದ ಪುಸ್ತಕ ಮುರಿದಿತ್ತು ಎನ್ನಬೇಕು.

1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್, ದೊರೆ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದ ಕಾರಣ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಲೆಕ್ಕಪತ್ರ ಸರಿಪಡಿಸಿದ. ಪಾಮ ನಾಯಕನ ಕಾಲದ್ದೆನ್ನುವ ಬೋನಾಳ ಕೆರೆಯನ್ನು ಸುಧಾರಿಸಿದ. ಇಂದು ಅದು ಪಕ್ಷಿಧಾಮ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಈಗಲೂ ಟೇಲರ್ ಮಂಜಿಲ್ ಎಂಬ ಹೆಸರಿದೆ. ಬಾಲಕ ದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಆ ಬಾಲಕನೇ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1857ರ ನವೆಂಬರಿನಲ್ಲಿ, ಮುಧೋಳ ಕಡೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆನೆಂದು ಊರನ್ನೇ ಸುಡಿಸಿಕೊಂಡಿದ್ದರು. ಕೋವಿ ಕೊಡುವುದೆಂದರೆ ಬೇಡನಿಗೆ ಬರಿಯ ಕಬ್ಬಿಣ ಕೊಡುವುದಾಗಿರಲಿಲ್ಲ. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಹೆಚ್ಚಿನ ದಂಡು ಬರುತ್ತಿದ್ದ ಸುದ್ದಿಗೆ ದೊರೆ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಮರಣದಂಡನೆಯನ್ನು ಕಡಿಮೆ ಮಾಡಿ, ಮದ್ರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಅವನು ಸತ್ತ. ಆತ್ಮಹತ್ಯೆ ಎಂದು ಬ್ರಿಟಿಷರು ಬರೆದುಕೊಂಡರು. ಸುರಪುರ ಸೀಮೆಯಲ್ಲಿ ಅದನ್ನು ನಂಬದವರಿದ್ದಾರೆ. 1860ರಲ್ಲಿ ಸಂಸ್ಥಾನ ನಿಜಾಮರಿಗೆ ಹೋಯಿತು.

ದೊರೆಯ ಕತೆ ಇಲ್ಲಿಗೆ ಮುಗಿಯುತ್ತದೆ, ಚರಿತ್ರೆಯ ಪುಸ್ತಕಗಳೂ ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತವೆ. ಹಳ್ಳಿಯ ಕಷ್ಟ ಶುರುವಾದದ್ದು ಇಲ್ಲಿಂದ. ಸೇವೆಗಾಗಿ ಕೊಟ್ಟ ಹೊಲ, ಸೇವೆ ಪಡೆಯುವ ದೊರೆಯೇ ಇಲ್ಲವಾದ ಮೇಲೆ ಯಾರದು? ನಿಜಾಮರ ಕಂದಾಯ ಇಲಾಖೆಗೆ ಬೇಕಾದದ್ದು ಪಟ್ಟಾ ಮತ್ತು ಹಣ. ಕೋವಿಕಾರನ ಮೊಮ್ಮಗ ಮಳೆ ನಂಬಿದ ಸಣ್ಣ ಒಕ್ಕಲಿಗನಾದ, ಇಲ್ಲವೆ ಇನ್ನೊಬ್ಬರ ಹೊಲದಲ್ಲಿ ಜೀತಕ್ಕೆ ನಿಂತ. ತಳವಾರಿಕೆಯಂಥ ಊರ ಕಾವಲಿನ ಕೆಲಸದಲ್ಲಿ ಹಳೆಯ ಸೇವೆಯ ಚೂರೊಂದು ಉಳಿಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯ್ದೆಯೊಂದಿಗೆ ಅದೂ ಹೋಯಿತು. 1991ರಲ್ಲಿ ಬೇಡ, ವಾಲ್ಮೀಕಿ, ನಾಯಕ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಭರತಪುರದ ಸಂಸ್ಥಾನವನ್ನು 1947ರವರೆಗೂ ಉಳಿಸಿಕೊಂಡ ಜಾಟರು ಮೀಸಲಾತಿಗಾಗಿ ರಸ್ತೆಗಿಳಿದದ್ದನ್ನು, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಗೆ ಅವರನ್ನು ಸೇರಿಸಿದ್ದನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ್ದನ್ನು ಇಲ್ಲಿ ನೆನೆಯಬಹುದು. ಎರಡು ಒಕ್ಕಲು ಜನಗಳ ದಾರಿ ಬೇರೆಯಾದದ್ದಕ್ಕೆ ಒಂದು ಕಾರಣ, ಒಬ್ಬರ ಹೊಲ ಗಂಗಾ ಯಮುನೆಯರ ಬಯಲಿನಲ್ಲಿತ್ತು, ಇನ್ನೊಬ್ಬರದು ಹಿಂಗಾರಿ ಮೋಡದ ಕೆಳಗಿತ್ತು.

ನೀರು ಬಂದದ್ದು ತಡವಾಗಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಎರೆಹೊಲಕ್ಕೆ ಹರಿಯಿತು. ಜೋಳದ ಜಾಗಕ್ಕೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಭತ್ತ ಬೆಳೆದು ಗೊತ್ತಿದ್ದ ಆಂಧ್ರದ ರೈತರು ಬಂದು ಹೊಲ ಕೊಂಡರು, ಲಾವಣಿಗೆ ಹಿಡಿದರು. ಅವರ ಕ್ಯಾಂಪುಗಳು ಎದ್ದವು. ಕಾಲುವೆಯ ಮೊದಲಿನವನಿಗೆ ಎರಡು ಬೆಳೆ, ಕೊನೆಯವನಿಗೆ ಕಾಯುವುದೇ ಕೆಲಸ. ನೀರು ತಲುಪದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ನಿಂತಿಲ್ಲ.

ಹಾಗಿದ್ದೂ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಕೂಡುತ್ತಾರೆ. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಹುಡುಗರು ಜಾರುವ ಎತ್ತರದ ಕಂಬಗಳನ್ನು ಪೈಪೋಟಿಯಿಂದ ಏರುತ್ತಾರೆ, ನೋಡಲು ದೊಡ್ಡಿಗಳಿಂದ ಜನ ಬರುತ್ತಾರೆ. ಕಕ್ಕೇರಾ ಈಗ ಪುರಸಭೆ. ಆದರೂ ಅಲ್ಲಿಯ ಬಹಳಷ್ಟು ಸಂಸಾರಗಳು ಇನ್ನೂ ಹೊಲದ ನಡುವಿನ ದೊಡ್ಡಿಯಲ್ಲೇ ಇವೆ. ಮಳೆಗಾಲದಲ್ಲಿ ಅಲ್ಲಿನ ಮಕ್ಕಳು ಎರೆಮಣ್ಣಿನ ಕೆಸರು ತುಳಿದುಕೊಂಡೇ ಶಾಲೆಗೆ ಹೋಗಬೇಕು.