ಮುಪ್ಪಿನಲ್ಲಿ ಕರಗುವ ಮಾಂಸಖಂಡ: ಹೆಸರಿಲ್ಲದ ಕಾಯಿಲೆಯೊಂದರ ಚರಿತ್ರೆ

ನೆಲದ ಮೇಲೆ ಕುಳಿತ ಅಜ್ಜ ಏಳಬೇಕಾದರೆ ಮೊದಲು ಒಂದು ಕೈಯನ್ನು ನೆಲಕ್ಕೆ ಊರುತ್ತಾರೆ. ಇನ್ನೊಂದು ಕೈ ಕಂಬವನ್ನು ಹುಡುಕುತ್ತದೆ. ಒಂದು ಕಾಲಕ್ಕೆ ಭತ್ತದ ಮೂಟೆ ಹೊತ್ತು ಅಟ್ಟ ಹತ್ತಿದ ಮನುಷ್ಯ. ಏನಾಯಿತೆಂದು ಕೇಳಿದರೆ ಮನೆಯವರು ಹೇಳುವುದು ಒಂದೇ ಮಾತು: ‘ವಯಸ್ಸಾಯಿತಲ್ಲ.’ ಬಹಳ ಕಾಲ ವೈದ್ಯರ ಉತ್ತರವೂ ಹೆಚ್ಚುಕಡಿಮೆ ಇಷ್ಟೇ ಆಗಿತ್ತು. ಮೂಳೆ ಸವೆಯುವುದಕ್ಕೆ ಹೆಸರಿತ್ತು, ಕಣ್ಣಿನ ಪೊರೆಗೆ ಹೆಸರಿತ್ತು, ಮರೆವಿಗೂ ಇತ್ತು. ವಯಸ್ಸಿನೊಂದಿಗೆ ಮಾಂಸಖಂಡ ಕರಗುವುದಕ್ಕೆ ಮಾತ್ರ ಹೆಸರಿರಲಿಲ್ಲ.

ಯಾರೂ ಗಮನಿಸಿರಲಿಲ್ಲವೆಂದಲ್ಲ. 1931ರಲ್ಲೇ ಲಂಡನ್ನಿನ ನರರೋಗ ತಜ್ಞ ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ, ಮುಪ್ಪಿನಲ್ಲಿ ದೇಹದ ಮಾಂಸಖಂಡಗಳೆಲ್ಲ ಸೊರಗುತ್ತವೆ, ಅಂಗೈ ಮತ್ತು ಪಾದಗಳ ಸಣ್ಣ ಖಂಡಗಳಲ್ಲಿ ಅದು ಎದ್ದು ಕಾಣುತ್ತದೆ ಎಂದು ಬರೆದಿದ್ದ. ಆದರೆ ಅದಕ್ಕೊಂದು ಹೆಸರು ಸಿಕ್ಕಿದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ. 1988ರಲ್ಲಿ ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ನಡೆದ ಸಭೆಯಲ್ಲಿ ಅರ್ವಿನ್ ರೋಸನ್‌ಬರ್ಗ್ ಎಂಬ ವೈದ್ಯ ವಿಜ್ಞಾನಿ, ಈ ಸವೆತಕ್ಕೊಂದು ಹೆಸರಿಡದೆ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವೆಂದು ವಾದಿಸಿದರು. ಅವರು ಸೂಚಿಸಿದ ಗ್ರೀಕ್ ಮೂಲದ ಪದ ‘ಸಾರ್ಕೊಪೀನಿಯ’. ಸಾರ್ಕ್ಸ್ ಎಂದರೆ ಮಾಂಸ, ಪೀನಿಯ ಎಂದರೆ ಬಡತನ. ಮಾಂಸದ ಬಡತನ ಎಂದರೆ ಕನ್ನಡಕ್ಕೂ ಒಗ್ಗುವ ಹೆಸರೇ.

ಇಷ್ಟು ತಡವೇಕೆ? ಆಹಾರ ಮತ್ತು ಮಾಂಸಖಂಡದ ಸಂಬಂಧವನ್ನು ವಿಜ್ಞಾನ ನೂರೈವತ್ತು ವರ್ಷಗಳಿಂದ ಕೆದಕುತ್ತಲೇ ಬಂದಿತ್ತು. ಆದರೆ ಅದರ ಕಣ್ಣು ಮುದುಕರ ಮೇಲಿರಲಿಲ್ಲ. ಕಾರ್ಖಾನೆಯ ಕೂಲಿಕಾರ, ಸೈನಿಕ, ಬೆಟ್ಟ ಹತ್ತುವ ಯುವಕ ಇವರ ಮೇಲಿತ್ತು.

1842ರಲ್ಲಿ ಜರ್ಮನಿಯ ಪ್ರಖ್ಯಾತ ರಸಾಯನ ವಿಜ್ಞಾನಿ ಯುಸ್ಟುಸ್ ಲೀಬಿಗ್ ಒಂದು ಸಿದ್ಧಾಂತ ಮುಂದಿಟ್ಟ. ಮಾಂಸಖಂಡ ಕೆಲಸ ಮಾಡಿದಾಗಲೆಲ್ಲ ಸ್ವತಃ ಸವೆಯುತ್ತದೆ. ಆ ಸವೆತವನ್ನು ತುಂಬಿಕೊಡಬಲ್ಲದ್ದು ಪ್ರೋಟೀನ್ ಮಾತ್ರ. ಅಂದಮೇಲೆ ಹೆಚ್ಚು ದುಡಿಯುವವನು ಹೆಚ್ಚು ಮಾಂಸ ತಿನ್ನಬೇಕು. ಕೇಳಲು ಎಷ್ಟು ಸಹಜವಾಗಿದೆ! ಮಾಂಸದಿಂದ ಮಾಂಸ ಬೆಳೆಯುತ್ತದೆಂಬ ನಂಬಿಕೆ ಜಗತ್ತಿನ ಎಲ್ಲ ಗರಡಿಮನೆಗಳಲ್ಲೂ ಇದ್ದದ್ದೇ. ಈಗ ಅದಕ್ಕೆ ದೊಡ್ಡ ವಿಜ್ಞಾನಿಯ ಮೊಹರು ಬಿತ್ತು. ಲೀಬಿಗ್‌ನ ಹೆಸರಿನಲ್ಲೇ 1865ರಲ್ಲಿ ಕಂಪನಿಯೊಂದು ಹುಟ್ಟಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದನದ ಮಾಂಸದ ಸಾರವನ್ನು ಭಟ್ಟಿಯಿಳಿಸಿ ಯೂರೋಪಿನ ರೋಗಿಗಳಿಗೂ ನಿಶ್ಶಕ್ತರಿಗೂ ಮಾರತೊಡಗಿತು. ತಮಾಷೆಯೆಂದರೆ ಆ ಸಾರದಲ್ಲಿ ರುಚಿ ಇತ್ತು, ಪ್ರೋಟೀನ್ ಇರಲಿಲ್ಲವೆನ್ನುವಷ್ಟು ಕಡಿಮೆ.

ಅದೇ 1865ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಪ್ರಾಧ್ಯಾಪಕರು ಈ ಸಿದ್ಧಾಂತವನ್ನು ಸ್ವಂತ ಕಾಲಿನ ಮೇಲೆ ಪರೀಕ್ಷಿಸಲು ಹೊರಟರು. ಜೂರಿಕ್‌ನಲ್ಲಿ ಪಾಠ ಹೇಳುತ್ತಿದ್ದ ಅಡಾಲ್ಫ್ ಫಿಕ್ ಮತ್ತು ಯೊಹಾನೆಸ್ ವಿಸ್ಲಿಸೆನುಸ್ ಹತ್ತಿದ್ದು ಫೌಲ್‌ಹಾರ್ನ್ ಶಿಖರವನ್ನು. ಬ್ರಿಯೆಂಜ್ ಸರೋವರದ ದಡದಿಂದ ತುದಿಗೆ 1956 ಮೀಟರ್ ಏರು. ಹಿಂದಿನ ದಿನದ ಮಧ್ಯಾಹ್ನದಿಂದಲೇ ಅವರು ಪ್ರೋಟೀನ್ ಇರುವ ಯಾವ ಪದಾರ್ಥವನ್ನೂ ಬಾಯಿಗೆ ಹಾಕಲಿಲ್ಲ. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು ಮತ್ತು ಸಕ್ಕರೆ ಹಾಕಿದ ಚಹಾ, ಇಷ್ಟೇ ಆಹಾರ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಜತನದಿಂದ ಸಂಗ್ರಹಿಸಿದರು. ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ, ಪಿಷ್ಟದಲ್ಲಿ ಕೊಬ್ಬಿನಲ್ಲಿ ಇರುವುದಿಲ್ಲ. ದೇಹದಲ್ಲಿ ಪ್ರೋಟೀನ್ ಒಡೆದರೆ ಆ ಸಾರಜನಕ ಮೂತ್ರದಲ್ಲಿ ಹೊರಬೀಳಲೇಬೇಕು. ಅದನ್ನು ಅಳೆದರೆ ಎಷ್ಟು ಮಾಂಸ ಸವೆಯಿತೆಂಬ ಲೆಕ್ಕ ಸಿಗುತ್ತದೆ.

ಲೆಕ್ಕ ಹಾಕಿದಾಗ ಒಬ್ಬೊಬ್ಬರಲ್ಲೂ ಒಡೆದಿದ್ದ ಪ್ರೋಟೀನ್ ಸುಮಾರು 37 ಗ್ರಾಂ. ಫಿಕ್‌ನ ಭಾವ, ಲಂಡನ್ನಿನ ಎಡ್ವರ್ಡ್ ಫ್ರಾಂಕ್‌ಲೆಂಡ್, ಮರುವರ್ಷ ಆಹಾರ ಪದಾರ್ಥಗಳನ್ನು ಸುಟ್ಟು ಅವುಗಳಿಂದ ಹೊರಡುವ ಶಾಖವನ್ನು ಅಳೆದ. ಅದರಂತೆ ಆ 37 ಗ್ರಾಂನಿಂದ ದೊರೆಯಬಹುದಾದ ಶಕ್ತಿ, ಇಬ್ಬರ ದೇಹಗಳನ್ನು ಬೆಟ್ಟದ ತುದಿಗೆ ಎತ್ತಲು ಬೇಕಾದುದರ ಅರ್ಧದಷ್ಟು ಮಾತ್ರ. ಎದೆಬಡಿತ, ಉಸಿರಾಟಗಳ ಖರ್ಚು ಬೇರೆ. ಮಾಂಸಖಂಡ ತನ್ನನ್ನೇ ಸುಟ್ಟುಕೊಂಡು ದುಡಿಯುವುದಿಲ್ಲ, ಪಿಷ್ಟವೂ ಕೊಬ್ಬೂ ಅದರ ಸೌದೆ ಎಂಬುದು ಸ್ಪಷ್ಟವಾಯಿತು. ಶಿಖರದ ಹೋಟೆಲಿನಲ್ಲಿ ಆ ಸಂಜೆ ಇಬ್ಬರೂ ಹೊಟ್ಟೆತುಂಬ ಮಾಂಸದೂಟ ಮಾಡಿದರೆನ್ನುವುದು ಬೇರೆ ಮಾತು.

ಸಿದ್ಧಾಂತ ಬಿದ್ದರೂ ನಂಬಿಕೆ ಬೀಳಲಿಲ್ಲ. ಮ್ಯೂನಿಕ್‌ನ ಕಾರ್ಲ್ ಫಾನ್ ವಾಯ್ಟ್ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕೆಂದ. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡೆನ್ ತನ್ನ ಮೇಲೆ, ಸಹೋದ್ಯೋಗಿಗಳ ಮೇಲೆ, ಸೈನಿಕರ ಮೇಲೆ, ಕಾಲೇಜು ಕ್ರೀಡಾಪಟುಗಳ ಮೇಲೆ ತಿಂಗಳುಗಟ್ಟಲೆ ಪ್ರಯೋಗ ನಡೆಸಿ, ಅದರ ಅರ್ಧವೇ ಸಾಕೆಂದು ತೋರಿಸಿದ. ಜಗಳ ದಶಕಗಟ್ಟಲೆ ನಡೆಯಿತು. ಆದರೆ ಎರಡೂ ಕಡೆಯವರ ಲೆಕ್ಕದಲ್ಲಿ ಎಪ್ಪತ್ತರ ಅಜ್ಜಿ ಇರಲಿಲ್ಲ.

ಅಜ್ಜಿಯ ಸರದಿ ಬಂದದ್ದು ಬೋಸ್ಟನ್‌ನ ವೃದ್ಧರ ಆಸ್ಪತ್ರೆಯೊಂದರಲ್ಲಿ. 1990ರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಸುಮಾರು ತೊಂಬತ್ತು ವಯಸ್ಸಿನ ಹತ್ತು ಮಂದಿ ನಿಶ್ಶಕ್ತರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆಯತೊಡಗಿದ್ದರು. ತೊಂಬತ್ತರಲ್ಲಿ ಮಾಂಸಖಂಡ ಮತ್ತೆ ಚಿಗುರುವುದೆಂದರೆ ವೈದ್ಯಲೋಕಕ್ಕೆ ಅಚ್ಚರಿಯೇ.

ಮುಂದಿನ ಪ್ರಶ್ನೆ ತಟ್ಟೆಯದು. 1994ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ ಸರಾಸರಿ 87 ವಯಸ್ಸಿನ ನೂರು ಮಂದಿ ಇದ್ದರು. ಕೆಲವರಿಗೆ ವ್ಯಾಯಾಮ, ಕೆಲವರಿಗೆ 360 ಕ್ಯಾಲೊರಿಯ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಹತ್ತು ವಾರಗಳಲ್ಲಿ ವ್ಯಾಯಾಮ ಮಾಡಿದವರ ಬಲ ಶೇಕಡಾ 113ರಷ್ಟು ಏರಿತು. ಮಾಡದವರಲ್ಲಿ ಏರಿಕೆ ಶೇಕಡಾ 3. ಬರೀ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. ಪಾನೀಯ ಸೇರಿದ ಮೇಲೆ ಅವರ ಮಾಮೂಲಿ ಊಟವೇ ಕಡಿಮೆಯಾಗಿತ್ತು. ಪಾನೀಯವನ್ನೂ ಕುಡಿದು ವ್ಯಾಯಾಮವನ್ನೂ ಮಾಡಿದವರು ಮಾತ್ರ ಒಟ್ಟಾರೆ ಹೆಚ್ಚು ಉಂಡಿದ್ದರು. ದುಡಿಮೆಯಿಲ್ಲದ ಮೈಗೆ ಬರೀ ಡಬ್ಬಿಯ ಪುಡಿ ಕಲಸಿಕೊಡುವ ಇಂದಿನ ಜಾಹೀರಾತುಗಳು ಈ ಭಾಗವನ್ನು ಹೇಳುವುದಿಲ್ಲ.

ಹಾಗೆಂದು ತಟ್ಟೆಯನ್ನು ಮರೆಯುವಂತಿಲ್ಲ. ಮುಪ್ಪಿನ ಮಾಂಸಖಂಡಕ್ಕೆ ಕಿವಿ ಮಂದ. ಯುವಕನ ಮಾಂಸಖಂಡ ಒಂದು ಊಟದ ಸ್ವಲ್ಪ ಪ್ರೋಟೀನಿಗೇ ಎಚ್ಚರಗೊಂಡು ಬೆಳೆಯತೊಡಗಿದರೆ, ವೃದ್ಧರದು ಅಷ್ಟಕ್ಕೆ ಓಗೊಡುವುದಿಲ್ಲ. ಆರೋಗ್ಯವಂತ ಗಂಡಸರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಹೊತ್ತಿಗೆ ಯುವಕರಿಗೆ ದೇಹತೂಕದ ಕಿಲೋಗೆ 0.24 ಗ್ರಾಂ ಸಾಕಾದರೆ ವೃದ್ಧರಿಗೆ 0.40 ಗ್ರಾಂ ಬೇಕು. ದಿನಕ್ಕೆ ಕಿಲೋಗೆ 1ರಿಂದ 1.2 ಗ್ರಾಂ ಇರಲೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸಲಹೆ ಮಾಡಿತ್ತು. ಭಾರತದಲ್ಲಿ 2020ರ ಶಿಫಾರಸು ವಯಸ್ಕರಿಗೆ 0.83 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ವಯಸ್ಸಾದಂತೆ ಊಟ ಇಳಿಸುವುದು ಸಂಯಮದ ಲಕ್ಷಣ. ವಿಧವೆಯಾದ ಅಜ್ಜಿಗೆ ಒಪ್ಪೊತ್ತು, ರಾತ್ರಿಗೆ ಒಂದಿಷ್ಟು ಅವಲಕ್ಕಿ. ಹಲ್ಲು ಹೋದ ಮೇಲೆ ಗಂಜಿ, ಇಲ್ಲವೇ ಮಿದ್ದ ಮೊಸರನ್ನ. ಐವತ್ತು ಗ್ರಾಂ ಅಕ್ಕಿಯ ಅನ್ನ, ಸಣ್ಣ ಬಟ್ಟಲು ಮೊಸರು ಸೇರಿದರೆ ಪ್ರೋಟೀನ್ ಏಳೆಂಟು ಗ್ರಾಂ. ಐವತ್ತು ಕಿಲೋ ತೂಗುವ ಅಜ್ಜಿಗೆ ಆ ಹೊತ್ತಿಗೆ ಬೇಕಾದದ್ದು 20. ತಿಳಿಸಾರಿನಲ್ಲಿ ಬೇಳೆ ತಳದಲ್ಲಿ ಉಳಿಯುತ್ತದೆ, ಅಜ್ಜಿಯ ತಟ್ಟೆಗೆ ಬರುವುದು ಮೇಲಿನ ತಿಳಿ.

ಪ್ರೋಟೀನಿನ ಗುಣದ ಪ್ರಶ್ನೆಯೂ ಇದೆ. ಅದಕ್ಕೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಮುಖ್ಯರು. ಧಾನ್ಯಗಳಲ್ಲಿ ಕೊರತೆಯಾಗುವ ಲೈಸೀನ್ ಎಂಬ ಅಮೈನೋ ಆಮ್ಲ ಮನುಷ್ಯನಿಗೆ ದಿನಕ್ಕೆ ಕಿಲೋಗೆ 12 ಮಿಲಿಗ್ರಾಂ ಸಾಕೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 1985ರ ವರದಿ ಹೇಳಿತ್ತು. 2001ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನ ಭಾರತೀಯರಿಗೂ ಅದಕ್ಕಿಂತ ಬಹಳ ಹೆಚ್ಚು ಬೇಕೆಂದು ತೋರಿಸಿತು. 2007ರ ವರದಿ ಆ ಅಂಕಿಯನ್ನು 30ಕ್ಕೆ ಏರಿಸಿತು. ಬರೀ ಅನ್ನ, ಬರೀ ಮುದ್ದೆ ಸಾಲದು, ಜೊತೆಗೆ ಬೇಳೆ, ಹುರುಳಿ, ಹಾಲು ಅಥವಾ ಮೊಟ್ಟೆ ಇರಬೇಕೆಂಬ ಮಾತಿಗೆ ಅಳತೆಯ ಆಧಾರ ಸಿಕ್ಕಿತು. ಅಂದಹಾಗೆ, ಇಲ್ಲೂ ಪರೀಕ್ಷೆಗೆ ಕೂತವರು ಯುವಕರೇ.

2016ರಲ್ಲಿ ಅಮೆರಿಕ ಮಾಂಸದ ಬಡತನಕ್ಕೆ ತನ್ನ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಅದನ್ನು ತೂಕದ ಯಂತ್ರದಿಂದ ಹಿಡಿಯುವುದು ಕಷ್ಟ. ಕರಗಿದ ಮಾಂಸದ ಜಾಗಕ್ಕೆ ಕೊಬ್ಬು ಬಂದು ಕೂತರೆ ಮುಳ್ಳು ಅಲುಗುವುದಿಲ್ಲ. ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿದ ಪರೀಕ್ಷೆಗಳಲ್ಲಿ ಒಂದಕ್ಕೆ ಕುರ್ಚಿ ಮತ್ತು ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು.