ನೀರು ಬಲ್ಲವರ ಮಾತು

ವಡೋದರೆಯಿಂದ ಸೂರತ್ತಿಗೆ ರೈಲಿನಲ್ಲಿ ಹೋಗುವವರು ಭರೂಚಿನಲ್ಲಿ ನರ್ಮದೆಯನ್ನು ದಾಟುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ಈ ಊರು ಬರಿಗಾಜ ಎಂಬ ಹೆಸರಿನಿಂದ ಗ್ರೀಕ್ ವರ್ತಕರಿಗೆ ಪರಿಚಿತವಾಗಿದ್ದ ದೊಡ್ಡ ಬಂದರು. ಕ್ರಿ.ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕ ಕೈಪಿಡಿ ಇಲ್ಲಿನ ಸರಕುಗಳಷ್ಟೇ ಶ್ರದ್ಧೆಯಿಂದ ಇಲ್ಲಿನ ನೀರನ್ನೂ ವಿವರಿಸಿದೆ. ಖಂಭಾತ್ ಕೊಲ್ಲಿ ಒಳಸರಿದಂತೆ ಕಿರಿದಾಗುವುದರಿಂದ ಉಬ್ಬರದ ನೀರು ಇಕ್ಕಟ್ಟಿಗೆ ಸಿಕ್ಕಿ ಭೋರ್ಗರೆಯುತ್ತ ನದಿಗೆ ನುಗ್ಗುತ್ತದೆ. ದಾರಿಯರಿಯದ ಹಡಗು ಮರಳದಿಬ್ಬಕ್ಕೆ ಸಿಕ್ಕಿ ಮಗುಚುತ್ತದೆ. ಅದಕ್ಕಾಗಿ ರಾಜನ ಸೇವೆಯಲ್ಲಿದ್ದ ಸ್ಥಳೀಯ ಬೆಸ್ತರು ದೊಡ್ಡ ದೋಣಿಗಳಲ್ಲಿ ಸೌರಾಷ್ಟ್ರದವರೆಗೂ ಎದುರುಹೋಗಿ, ಬಂದ ಹಡಗುಗಳನ್ನು ನಡೆಸಿ ತರುತ್ತಿದ್ದರು. ನೀರು ಬಲ್ಲವನ ಮಾತಿಗೆ ಅಂದು ರಾಜಾಶ್ರಯವಿತ್ತೆಂಬುದನ್ನು ನಾವು ಗಮನಿಸಬೇಕು.

ಮೊಘಲರ ಕಾಲಕ್ಕೆ ವ್ಯಾಪಾರದ ಹಿರಿಮೆ ಸೂರತ್ತಿನದಾಯಿತು. ತಾಪಿಯ ಮುಖದಲ್ಲಿ ಮರಳು ತುಂಬಿದ್ದರಿಂದ ದೊಡ್ಡ ಹಡಗುಗಳು ಸಮೀಪದ ಸುವಾಲಿಯಲ್ಲಿ ಲಂಗರು ಹಾಕುತ್ತಿದ್ದವು. ಮುಂಗಾರು ಬಂತೆಂದರೆ ಆ ಸಂಚಾರ ನಿಲ್ಲುತ್ತಿತ್ತು. ಕಡಲಿಗೂ ಒಂದು ಪಂಚಾಂಗವಿತ್ತು. ಸಿರಿವಂತ ಸಾಹುಕಾರನೂ ಅದನ್ನು ಮೀರುತ್ತಿರಲಿಲ್ಲ.

ಉಗಿಹಡಗು ಬಂದ ಮೇಲೆ ಯಂತ್ರದ ಮೇಲಿನ ಭರವಸೆ ಬೆಳೆಯಿತು. ಆದರೆ ಅರಬ್ಬೀ ಸಮುದ್ರದಲ್ಲಿ ಮುಂಗಾರು ಮುಗಿದ ಬಳಿಕವೂ ಚಂಡಮಾರುತಗಳು ಏಳುತ್ತವೆ. 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಸೌರಾಷ್ಟ್ರದ ಮಾಂಗರೋಳದ ಬಳಿ ಬಿರುಗಾಳಿಯಲ್ಲಿ ಕಾಣೆಯಾಯಿತು. ಏಳುನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಮರಳಲಿಲ್ಲ. ಸಾಕಷ್ಟು ಜೀವರಕ್ಷಕ ದೋಣಿಗಳೂ ಅಂಗಿಗಳೂ ಅದರಲ್ಲಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ವಿದ್ಯುದ್ದೀಪಗಳಿದ್ದ ಆ ಹಡಗನ್ನು ಜನ ‘ವೀಜಳಿ’, ಅಂದರೆ ಮಿಂಚು, ಎಂದು ಕರೆದು, ನಾಯಕ ಹಾಜಿ ಕಾಸಮನ ಹೆಸರಿನೊಡನೆ ಲಾವಣಿಗಳಲ್ಲಿ ಉಳಿಸಿಕೊಂಡರು.

ಪೋರಬಂದರಿನ ಆಡಳಿತಾಧಿಕಾರಿ ಮುಂದೆ ಹೋಗಬೇಡವೆಂದು ನಾಯಕನನ್ನು ತಡೆದನೆಂಬ ಕಥೆಯೂ ಪ್ರಚಲಿತದಲ್ಲಿದೆ. ಅನಂತರದ ಸಂಶೋಧನೆ ಅದನ್ನು ದೃಢಪಡಿಸಿಲ್ಲ. ಹಾಗಿದ್ದೂ ಆ ಕಥೆಯನ್ನು ನಾವು ಸುಮ್ಮನೆ ತಳ್ಳಿಹಾಕಲಾರೆವು. ಅಷ್ಟು ದೊಡ್ಡ ಸಾವಿನ ಮುನ್ನ ಬಲ್ಲವನೊಬ್ಬ ಎಚ್ಚರಿಸಿಯೇ ಇರಬೇಕೆಂದು ಜನಮನ ನಂಬಿತು. ದಾಖಲೆಯಲ್ಲಿ ಕಾಣದ ಎಚ್ಚರಿಕೆಯನ್ನು ಅದು ತಾನೇ ನುಡಿಯಿತು.

ನಮ್ಮ ಕರಾವಳಿಯೂ ಈ ಪಾಠಕ್ಕೆ ಹೊರತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಇಲ್ಲಿ ನಿಷಿದ್ಧ. ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜಿಸುವ ವಾಡಿಕೆಯೂ ಇದೆ. ಆದರೆ ಘಟ್ಟದ ಮೇಲಿನಿಂದ ಬರುವ ಪ್ರವಾಸಿಗೆ ಕಡಲಿನ ಪಂಚಾಂಗ ತಿಳಿಯದು. ದಡಕ್ಕೆ ಅಪ್ಪಳಿಸಿದ ನೀರು ಮರಳದಿಬ್ಬಗಳ ನಡುವಿನ ಕಂಡಿಯಿಂದ ರಭಸವಾಗಿ ಹಿಂದಿರುಗುತ್ತದೆ. ತೆರೆಯೊಡೆಯದ ಆ ಜಾಗ ಶಾಂತವಾಗಿ ಕಾಣುವುದೇ ಮೋಸ. ಸೆಳವಿಗೆ ಸಿಕ್ಕವರು ಅದಕ್ಕೆದುರಾಗಿ ಈಜದೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕೆಂಬುದು ಬಲ್ಲವರ ಮಾತು. 2024ರ ಡಿಸೆಂಬರಿನಲ್ಲಿ ಶಾಲಾಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ.

ಬರಿಗಾಜದ ರಾಜ ಬೆಸ್ತರನ್ನು ಕೊಲ್ಲಿಯ ಬಾಯಲ್ಲೇ ನಿಲ್ಲಿಸಿದ್ದ. ಅಪಾಯ ಎದುರಾಗುವ ಮೊದಲೇ ಅವರ ಮಾತು ಹಡಗಿಗೆ ತಲುಪುತ್ತಿತ್ತು. ನಮ್ಮ ಮಕ್ಕಳು ಬಸ್ಸಿನಿಂದಿಳಿದು ಮರಳಿಗೆ ಓಡುವ ಮುನ್ನ ಆ ಮಾತು ಅವರಿಗೆ ತಲುಪುವಂತೆ ಮಾಡುವುದು ನಮ್ಮೆಲ್ಲರ ಹೊಣೆ. ದುಃಖದ ಬಳಿಕ ಲಾವಣಿ ಕಟ್ಟುವುದನ್ನು ನಾವು ಬಲ್ಲೆವು. ಮುನ್ನವೇ ನುಡಿಯುವುದನ್ನು ಮತ್ತೆ ಕಲಿಯಬೇಕಾಗಿದೆ.